ಬಿಳಿ ಎಳೆಗಳ ಎಣಿಕೆ

ನವಲಗುಂದದೊಳಗೆ ಅನ್ನವ್ವ ಟೈಪು ಹೊಡೆದ ಕಾಗದದಲ್ಲಿ ತಪ್ಪು ಹುಡುಕುವುದೂ ಒಂದೇ, ಹಾಲಿನೊಳಗೆ ಹರಳು ಹುಡುಕುವುದೂ ಒಂದೇ ಅನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕುಬೇರಪ್ಪ ಮಾಸ್ತರರ ಟೈಪಿಂಗ್ ಕ್ಲಾಸು. ಅಲ್ಲಿಗೆ ಅವಳು ಕಲಿಯಲು ಬಂದವಳು, ಕಲಿತಾದ ಮೇಲೆ ಕಲಿಸಲು ನಿಂತಳು, ನಿಂತಲ್ಲೇ ಹದಿನೆಂಟು ವರ್ಷ ಕಳೆದವು. ಅರ್ಜಿಯಿರಲಿ, ಠರಾವಿರಲಿ, ಸೊಸೈಟಿಯ ವರದಿಯಿರಲಿ, ಊರಿನ ಮಾತು ಅಚ್ಚುಕಟ್ಟಾಗಿ ಹೊರಗೆ ಹೋಗಬೇಕಾದರೆ ಅವಳ ಹತ್ತು ಬೆರಳು ದಾಟಿಯೇ ಹೋಗಬೇಕು.

ಅವಳ ಹೆಮ್ಮೆ ಅಕ್ಷರದಲ್ಲಿರಲಿಲ್ಲ. ಅಕ್ಷರ ಯಾರಾದರೂ ಹೊಡೆದಾರು. ಅವಳ ಹೆಮ್ಮೆ ಬಲಗೈಯ ಹೆಬ್ಬೆರಳಿನಲ್ಲಿತ್ತು. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ಉದ್ದನೆಯ ಪಟ್ಟಿ ಆ ಬೆರಳಿನ ಪಾಲು. "ಪದ ಮುಗಿದ್ರ ಒಂದ ಏಟು, ವಾಕ್ಯ ಮುಗಿದ್ರ ಎರಡ ಏಟು" ಎಂದು ಮಾಸ್ತರರು ಮೊದಲ ದಿನ ಹೇಳಿದ್ದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ದೊಡ್ಡವರಿಗೆ ಹೋಗುವ ಕಾಗದವಾದರೆ ಬಲಗಡೆಯ ಅಂಚೂ ಎಡಗಡೆಯ ಹಾಗೆ ನೆಟ್ಟಗಿರಬೇಕು. ಟೈಪ್ ಮಷಿನ್ನಿನಲ್ಲಿ ಅದು ಸುಮ್ಮನೆ ಬರುವಂಥದ್ದಲ್ಲ. ಒಮ್ಮೆ ಹೊಡೆದು ನೋಡಿ, ಯಾವ ಸಾಲು ಎಷ್ಟು ಅಕ್ಷರ ಗಿಡ್ಡ ಬಂತು ಎಂದು ಎಣಿಸಬೇಕು. ಮೂರು ಗಿಡ್ಡ ಬಂದರೆ ಆ ಸಾಲಿನ ಮೂರು ಸಂದಿಗಳಿಗೆ ಒಂದೊಂದು ಏಟು ಹೆಚ್ಚು ಹಾಕಿ ಎರಡನೇ ಸಲ ಹೊಡೆಯಬೇಕು. ಅದರಲ್ಲೂ ಒಂದು ಸಾಲಿಗೆ ಎಡದಿಂದ ಹಂಚಿದರೆ ಮುಂದಿನ ಸಾಲಿಗೆ ಬಲದಿಂದ ಹಂಚಬೇಕು. ಇಲ್ಲವಾದರೆ ಬಿಳಿ ಜಾಗಗಳು ಒಂದರ ಕೆಳಗೊಂದು ಕೂಡಿಕೊಂಡು, ಹಾಳೆಯ ನಡುವೆ ಹೊಲದ ಕಾಲುದಾರಿ ಬಿದ್ದ ಹಾಗೆ ಕಾಣುತ್ತದೆ.

ಎಂಬತ್ತೆಂಟನೇ ಇಸವಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಮಾಸ್ತರರು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತಂದರು. ಯಾರೋ ಬಳಸಿ ಬಿಟ್ಟದ್ದು. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಪರದೆಯ ಹೊರಗೆ ಚಪ್ಪಲಿ ಬಿಡಬೇಕೆಂಬ ಕಟ್ಟಪ್ಪಣೆ. ಕ್ಲಾಸಿನ ಹುಡುಗಿಯರು ಗುಡಿಗೆ ಹೋದ ಹಾಗೆ ಇಣುಕಿ ಇಣುಕಿ ಬಂದರು.

"ನೋಡ ಅನ್ನವ್ವಾ, ಇದರಾಗ ತಪ್ಪಿದ್ರ ಹಾಳಿ ಹರಿಯೂದಿಲ್ಲ. ಅಲ್ಲೇ ಅಳಸು, ಅಲ್ಲೇ ತಿದ್ದು. ಆಮ್ಯಾಲ ಇದೊಂದು ನೋಡು" ಎಂದು ಮಾಸ್ತರರು ಎರಡು ಕೀಲಿ ಒತ್ತಿದರು. ಗಾಜಿನ ಮೇಲಿನ ಹಸಿರು ಸಾಲುಗಳು ಒಂದಿಷ್ಟು ಮಿಸುಕಾಡಿದವು. ಬಲಗಡೆಯ ಅಂಚು ದಾರ ಹಿಡಿದು ಎಳೆದ ಹಾಗೆ ನೆಟ್ಟಗಾಯಿತು.

"ಎಣಿಸಿದವ್ರು ಯಾರ್ರಿ?" ಎಂದಳು ಅನ್ನವ್ವ.

"ಅದ ಎಣಿಸ್ತೈತಿ. ನೀ ಹದಿನೆಂಟು ವರ್ಷ ಎಣಿಸಿದ್ದನ್ನ ಅದು ಕಣ್ಣ ಪಿಳಕಸೂದ್ರಾಗ ಎಣಿಸಿ ಕುಂತೈತಿ."

"ಹಂಗಾರ ನನ್ನ ಹೆಬ್ಬಟ್ಟಿಗೆ ಪಿಂಚಣಿ ಕೊಟ್ಟಬಿಡ್ರಿ ಮಾಸ್ತರ್ರ."

ಮಾಸ್ತರರು ನಕ್ಕರು. ಅನ್ನವ್ವನೂ ನಕ್ಕಳು. ಆದರೆ ಒಳಗೆ ಅವಳಿಗೆ ಖರೇನೇ ಬೆರಗಾಗಿತ್ತು. ತಿಂಗಳೊಳಗೆ ಆ ಯಂತ್ರವನ್ನು ಮಾಸ್ತರರಿಗಿಂತ ಚೆನ್ನಾಗಿ ನಡೆಸುವುದನ್ನು ಕಲಿತಳು.

ಆ ಬೇಸಿಗೆಯಲ್ಲಿ ಜೈತುನಬಿ ಅವಳನ್ನು ಕರೆಸಿದಳು.

ಜೈತುನಬಿ ಅನ್ನವ್ವನ ಮನೆಯಿಂದ ಎರಡು ಮನೆ ಆಚೆಯವಳು, ಎಪ್ಪತ್ತರ ಹತ್ತಿರದ ಹೆಂಗಸು, ಜಮಖಾನದ ಮಗ್ಗದ ಮುಂದೆ ಐವತ್ತು ವರ್ಷ ಕೂತವಳು. ಗೋಡೆಗೆ ಆತು ನಿಂತ ಮಗ್ಗ ಅವಳ ನಡುಮನೆಯ ಅರ್ಧ ಜಾಗ ತಿಂದಿತ್ತು. ನೇಯುವವರು ಊರಲ್ಲಿ ಇನ್ನೂ ಇದ್ದರು. ಆದರೆ ಎದುರುಬದುರು ನಿಂತ ಆ ಜೋಡಿ ನವಿಲು ಜೈತುನಬಿಯ ಮನೆಯದೇ. ಅವಳ ಅತ್ತೆ ಅವಳಿಗೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ ಕೊಟ್ಟದ್ದು. ಮಗಳಿಗೆ ಕಲಿಸಬಾರದು, ಸೊಸೆಗೆ ಕಲಿಸಬೇಕು ಎಂಬುದು ಆ ಮನೆಯ ಕಟ್ಟು. ಮಗಳಿಗೆ ಕಲಿಸಿದರೆ ನವಿಲು ಅವಳ ಕೂಡ ಇನ್ನೊಂದು ಮನೆಗೆ ನಡೆದುಬಿಡುತ್ತದಲ್ಲ! ಜೈತುನಬಿ ನವಿಲಿಗೆ ಕೈ ಹಾಕಿದ ದಿನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ನಡುಮನೆಗೇ ಬಿಡುತ್ತಿರಲಿಲ್ಲ.

ಮಗ ಗುಲಾಮಹುಸೇನನಿಗೆ ಮಿಶ್ರಿಕೋಟಿಯಿಂದ ಸೊಸೆ ತಂದು ಎರಡು ವರ್ಷವಾಗಿತ್ತು. ಹೆಸರು ಶಮಶಾದ. ಒಕ್ಕಲುತನದ ಮನೆಯ ಹುಡುಗಿ, ನಾಟಿ ಹಚ್ಚಿದ ಕೈ. ಆ ಕೈ ಮಗ್ಗಕ್ಕೂ ಹೊಂದಿಕೊಂಡು, ಪಟ್ಟಿ, ಚೌಕ, ಚಿಕ್ಕ ಹೂವು ಎಲ್ಲ ನೇಯುತ್ತಿತ್ತು. ಜೋಡಿ ನವಿಲನ್ನು ಮಾತ್ರ ಅತ್ತೆ ಕೊಟ್ಟಿರಲಿಲ್ಲ. ಯಾಕೆಂದರೆ ಎರಡು ಸಲ ಜಗಳಾಡಿ ಶಮಶಾದ ತವರಿನ ಬಸ್ಸು ಹತ್ತಿದ್ದಳು.

"ಸೊಸಿ ಅಂದ್ರ ಉಳಿಯಾಕಿ," ಎಂದಳು ಜೈತುನಬಿ, ಅನ್ನವ್ವ ಹೋಗಿ ಕೂತ ಮೇಲೆ. "ಈಕಿ ಉಳಿಯಾಕ್ಯೋ ಹೋಗಾಕ್ಯೋ ನನಗಿನ್ನಾ ತಿಳಿದಿಲ್ಲ. ಕಣ್ಣು ನೋಡಿದ್ರ ಕಾಯೂದಿಲ್ಲ ಅಂತಾವು. ಒಂದು ಆಗಲೇ ಹೋಗೇತಿ. ಇನ್ನೊಂದು ಶ್ರಾವಣದ ಮಟ ಇದ್ರ ದೊಡ್ಡದು ಅಂದಾರ ಡಾಕ್ಟರ. ಅದಕ್ಕ ನವಿಲನ್ನ ಕಾಗದಕ್ಕ ಹಾಕು. ಟ್ರಂಕಿನ್ಯಾಗ ಇಡ್ತೀನಿ. ಈಕಿ ಉಳದ್ರ ಈಕಿಗೆ, ಇಲ್ಲಾ ಬ್ಯಾರೆ ಯಾವಾಕಿ ಬರ್ತಾಳೋ ಆಕಿಗೆ."

"ನನಗ್ಯಾಕ ಹೇಳ್ತೀರಿ ಚಾಚಿ? ನಾನೂ ಮಂದಿ ಮನಿ ಹೆಣ್ಣಮಗಳ."

"ನೀ ಮಗಳೂ ಅಲ್ಲ, ಸೊಸಿನೂ ಅಲ್ಲ. ನೀ ಟೈಪ್ ಮಷಿನ್ನು. ಮಷಿನ್ನಿಗೇನ ತಿಳೀತೈತಿ, ಸುಮ್ಮಕ ಹೊಡಿ!"

ಅನ್ನವ್ವ ನಕ್ಕು ಒಪ್ಪಿಕೊಂಡಳು. ಜೈತುನಬಿ ಎರಡು ಕರಾರು ಹಾಕಿದಳು: ಪೆನ್ಸಿಲ್ಲಿನಲ್ಲಿ ಬರೆದುಕೊಂಡದ್ದು ಕೊನೆಗೆ ಒಲೆಗೆ ಹೋಗಬೇಕು. ಯಂತ್ರದ ಹೊಟ್ಟೆಯಲ್ಲಿದ್ದದ್ದನ್ನು ಅಳಿಸಬೇಕು. ನವಿಲು ಎರಡು ಕಡೆ ಇರಬಾರದು.

ಹತ್ತು ಮಧ್ಯಾಹ್ನ ಹೇಳಿ ಬರೆಸಿದಳು. ಶಮಶಾದಳನ್ನು ಹಿತ್ತಲಿಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಮಗ್ಗದ ಮೇಲೆ ಅರ್ಧವಾಗಿದ್ದ ಜಮಖಾನದೊಳಗಿನ ಜೋಡಿ ನವಿಲಿಗೆ ಮೂಗು ತಾಗುವಷ್ಟು ಬಾಗಿ, ಬೆರಳಿನಿಂದ ಎಳೆ ಮುಟ್ಟುತ್ತ ಹೇಳುತ್ತಿದ್ದಳು. "ಬಿಳಿ ನಾಕ. ಕೆಂಪ ಎರಡ. ಬಿಳಿ ಐದ. ಕರಿ ಒಂದ. ಬಿಳಿ ಐದ..." ಹೀಗೆ ಸಾಗಿ ಪ್ರತಿ ಸಾಲಿನ ಕೊನೆಗೆ "ಉಳಿದದ್ದು ಬಿಳಿ" ಎಂದು ಉಸಿರು ಬಿಡುವಳು. ಸಾಲಿಗೆ ಅರವತ್ತು ಎಳೆ, ಒಟ್ಟು ತೊಂಬತ್ತಾರು ಸಾಲು. ನಡುನಡುವೆ ಅಂಚಿನ ಮಾತು ಬಂದರೆ ಸಾಕು, ಅವಳ ದನಿ ಏರುವುದು. "ಜಮಖಾನದ ಮಾನ ಅಂಚಿನ್ಯಾಗ ಇರತೈತಿ. ಅಂಚು ಸೊಟ್ಟ ಇದ್ರ ನವಿಲ ಯಾರ ನೋಡ್ತಾರ? ನಕ್ಕೋತ ಹೋಗ್ತಾರ."

ಆ ಮಾತು ಅನ್ನವ್ವನಿಗೆ ಹಿಡಿಸಿತು. ಕಾಗದದ ಮಾನವೂ ಅಂಚಿನಲ್ಲೇ ಅಲ್ಲವೇ?

ಕ್ಲಾಸಿನಲ್ಲಿ ಪರದೆ ಎಳೆದುಕೊಂಡು ಕೂತು ಅವಳು ಅದನ್ನು ಯಂತ್ರಕ್ಕೆ ಹಾಕಿದಳು. ಕೆಂಪಿಗೆ ಎಕ್ಸ್, ಕರಿಗೆ ಓ, ಬಿಳಿಗೆ ಬರೀ ಹೆಬ್ಬೆರಳಿನ ಏಟು. ಕಣ್ಣು ಪೆನ್ಸಿಲ್ ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ. ಹೊಡೆಯುವಾಗ ಹೊಡೆದದ್ದನ್ನು ನೋಡಬಾರದು ಎಂಬುದು ಕ್ಲಾಸಿನ ಮೊದಲ ಪಾಠ. ಸಾಲಿನ ಕೊನೆಯ "ಉಳಿದದ್ದು ಬಿಳಿ" ಬಂದಾಗ ಅವಳು ಏನೂ ಹೊಡೆಯದೆ ಮುಂದಿನ ಸಾಲಿಗೆ ಇಳಿಯುತ್ತಿದ್ದಳು. ಪದವೆಲ್ಲ ಮುಗಿದ ಮೇಲೆ ಸಾಲಿನ ತುದಿಯ ತನಕ ಬರೀ ಜಾಗವನ್ನು ಯಾವ ಟೈಪಿಸ್ಟು ಹೊಡೆದಾಳು?

ತೊಂಬತ್ತಾರೂ ಸಾಲು ಮುಗಿದ ಮೇಲೆ ತಲೆಯೆತ್ತಿ ನೋಡಿದಳು. ಎಡಗಡೆ ಒಪ್ಪವಾಗಿತ್ತು. ಬಲಗಡೆಯ ಅಂಚು ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ, ಹಲ್ಲು ಬಿದ್ದ ಬಾಯಿಯ ಹಾಗೆ. ಇಂಥ ಅಂಚಿನ ಕಾಗದವನ್ನು ಆ ಮುದುಕಿಯ ಕೈಗೆ ಹೇಗೆ ಕೊಡುವುದು? ಅನ್ನವ್ವ ಆ ಎರಡು ಕೀಲಿ ಒತ್ತಿದಳು. ಸಾಲುಗಳು ಮಿಸುಕಾಡಿದವು. ಅಂಚು ನೆಟ್ಟಗಾಯಿತು.

ಮುದ್ರಿಸಿ ತೆಗೆದು ಪೆನ್ಸಿಲ್ ಹಾಳೆಗೆ ಹಿಡಿದು ತಾಳೆ ನೋಡಿದಳು. ಎಕ್ಸ್ ಎಲ್ಲ ಸರಿ, ಓ ಎಲ್ಲ ಸರಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬಿಳಿಯನ್ನು ಎಣಿಸಲಿಲ್ಲ. ಅದೇನು, ಬರೀ ಜಾಗ. ಆ ಮೇಲೆ ಜೈತುನಬಿಯನ್ನು ಕೈಹಿಡಿದು ಕರೆತಂದು, ಅವಳ ಎದುರಿಗೇ ಯಂತ್ರದಲ್ಲಿದ್ದದ್ದನ್ನು ಅಳಿಸಿದಳು. ಪೆನ್ಸಿಲ್ ಹಾಳೆಗಳನ್ನು ಜೈತುನಬಿ ತನ್ನ ಕೈಯಾರೆ ಒಲೆಗೆ ಹಾಕಿದಳು.

"ಅಂಚು ನೆಟ್ಟಗೈತೇನ?" ಎಂದು ಕಾಗದವನ್ನು ಸವರುತ್ತ ಕೇಳಿದಳು.

"ದಾರ ಹಿಡದಂಗ ಐತ್ರಿ ಚಾಚಿ."

ಕಾಗದ ಟ್ರಂಕು ಸೇರಿತು. ಕೊನೆಯ ನವಿಲಿನ ಜಮಖಾನ ಮುಗಿದು, ಯಾರೋ ಊರು ಗೊತ್ತಿಲ್ಲದವರು ಒಯ್ದರು. ಶ್ರಾವಣ ಬರುವ ಮೊದಲೇ ಜೈತುನಬಿಗೆ ಹಗಲು ಯಾವುದು ಇರುಳು ಯಾವುದು ಅನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಆ ಮಳೆಗಾಲವೆಲ್ಲ ಶಮಶಾದ ಅತ್ತೆಯನ್ನು ಕೈಹಿಡಿದು ಬಚ್ಚಲಿಗೆ ಒಯ್ದಳು, ರೊಟ್ಟಿ ಮುರಿದು ಕೈಗಿಟ್ಟಳು, ತವರಿನ ಹೆಸರು ಎತ್ತಲಿಲ್ಲ. ದೀಪಾವಳಿ ಕಳೆದ ಮೇಲೆ ಮುದುಕಿ ಒಂದು ದಿನ ಟ್ರಂಕು ತೆಗೆದಳು. ಮೊದಲ ಹಾಳೆಯನ್ನಷ್ಟೇ ಸೊಸೆಯ ಕೈಗೆ ಕೊಟ್ಟು, "ಇದರಾಗ ಇದ್ದಂಗ ನೇಯು. ಮುಂದಿಂದು ಆಮ್ಯಾಲ ನೋಡೂಣು" ಎಂದಳು. ಶಮಶಾದ ಸಾಲಿಗೆ ಹೋದವಳಲ್ಲ. ಆದರೆ ಆ ಕಾಗದ ಓದುವುದಕ್ಕೆ ಸಾಲಿ ಬೇಕಿರಲಿಲ್ಲ, ಎಣಿಸಲು ಬಂದರೆ ಆಯಿತು.

ಹದಿನೈದು ದಿನದ ಮೇಲೆ, ಒಂದು ದಿನ ಹನ್ನೆರಡರ ಸುಮಾರಿಗೆ, ಅನ್ನವ್ವ ಕ್ಲಾಸಿಗೆ ಹೊರಟಿದ್ದಾಗ ಜೈತುನಬಿಯ ಮನೆಯೊಳಗಿನ ಗದ್ದಲ ಓಣಿಗೇ ಕೇಳಿಸಿತು. ಅತ್ತೆ ಸೊಸೆ ತಮ್ಮ ಮನೆಮಾತಿನಲ್ಲಿ ಜಗಳವಾಡುತ್ತಿದ್ದರು. ಅನ್ನವ್ವ ಒಳಗೆ ಕಾಲಿಟ್ಟದ್ದೇ ತಡ ಜೈತುನಬಿ ಕನ್ನಡಕ್ಕೆ ಹೊರಳಿದಳು.

"ಬಾ ಬೇ ಅನ್ನವ್ವಾ, ನೋಡ ಬಾ! ನನ್ನತ್ತಿ ಕೊಟ್ಟ ನವಿಲಿನ ಕತ್ತ ಮುರದಾಳ ಈಕಿ!"

ಜಮಖಾನದಲ್ಲಿ ಒಂದು ಬಣ್ಣ ಇನ್ನೊಂದು ಬಣ್ಣಕ್ಕೆ ಕೂಡುವ ಕಡೆ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಅಲ್ಲಿ ಬೆರಳಿಗೆ ಸಣ್ಣ ಏಣು ಸಿಗುತ್ತದೆ. ಜೈತುನಬಿಯ ಬೆರಳು ಆ ಏಣು ಹಿಡಿದು ನವಿಲಿನ ಹೊಟ್ಟೆಯಿಂದ ಮೇಲೇರಿ, ಕತ್ತು ಇರಬೇಕಾದ ಕಡೆ ತಡಕಾಡಿ, ಮೂರು ಎಳೆ ಆಚೆ ಹೋಗಿ ನಿಂತಿತು. ತಲೆ ಅದಕ್ಕೂ ಆಚೆ ಇತ್ತು. ಒಂದು ಸಾಲಿನಲ್ಲಿ ಒಂದು ನವಿಲು ಉಬ್ಬಿದರೆ ಮುಂದಿನ ಸಾಲಿನಲ್ಲಿ ಎದುರಿನದು ಉಬ್ಬಿತ್ತು.

"ಕಾಗದದಾಗ ಇದ್ದಂಗ ನೇಯ್ದೀನ್ರಿ," ಎಂದಳು ಶಮಶಾದ. ಅತ್ತು ಅತ್ತು ಮುಖ ಊದಿತ್ತು. "ಎರಡ ಸರ್ತಿ ಬಿಚ್ಚಿ ಎರಡ ಸರ್ತಿ ನೇಯ್ದೀನಿ. ಹಂಗ ಬರತೈತ್ರಿ."

"ಕಾಗದ ಯಾರದು? ಅನ್ನವ್ವಂದು! ಅನ್ನವ್ವನ ಕಾಗದದಾಗ ತಪ್ಪಿರತೈತೇನ? ಇಡೀ ಊರ ಹೇಳ್ತೈತಿ, ನೀ ಬ್ಯಾರೆ ಹೇಳಾಕ ಬಂದಿ. ಕಸಾ ಕೀಳೂ ಕೈಯಾಗ ನವಿಲು ಕೊಟ್ಟಿದ್ದು ನಂದ ತಪ್ಪು. ಬಡಿಗೇರ ಮಹಬೂಬಸಾಬಗ ಹೇಳಿ ಸಂಜಿಕ ಮಗ್ಗಾ ಬಿಚ್ಚಸ್ತೀನಿ. ಸಾಕು."

"ಬಿಚ್ಚಸ್ರಿ. ನಾನೂ ಮೂರರ ಬಸ್ಸಿಗೆ ಹೊಂಟೀನಿ. ಈ ಸರ್ತಿ ಹ್ವಾದ್ರ ತಿರುಗಿ ಬರೂದಿಲ್ಲ. ನಿಮ್ಮ ಮಗ ಕೆಲಸದಿಂದ ಬಂದ ಮ್ಯಾಲ ಹೇಳ್ರಿ."

ಅನ್ನವ್ವನಿಗೆ ಮೊದಲು ಅನಿಸಿದ್ದನ್ನು ಇದ್ದ ಹಾಗೆ ಹೇಳಬೇಕು. ಸಂಕಟಕ್ಕಿಂತ ಮೊದಲು ಒಂದು ಸಣ್ಣ ಸಮಾಧಾನ ಬಂತು. ತನ್ನ ಕಾಗದದ ಮೇಲೆ ಯಾರೂ ಬೊಟ್ಟು ಮಾಡಲಿಲ್ಲವಲ್ಲ. ಪಾಪ, ಹುಡುಗಿ ಎಲ್ಲೋ ಎಣಿಕೆ ತಪ್ಪಿದ್ದಾಳೆ ಎಂದುಕೊಂಡು, ಎಲ್ಲಿ ತಪ್ಪಿದ್ದಾಳೆ ತೋರಿಸಿಕೊಡೋಣ ಎಂದು ಹಾಳೆ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಳು. ತಲೆಯ ಪಿನ್ನು ತೆಗೆದು, ಅದರ ತುದಿಯಿಂದ ಮೊದಲ ಸಲ ಬಿಳಿಯನ್ನು ಎಣಿಸಿದಳು.

ಎದುರುಬದುರು ನಿಂತ ನವಿಲುಗಳೆಂದರೆ ಎಡಗಡೆ ಎಷ್ಟೋ ಬಲಗಡೆ ಅಷ್ಟೇ ಇರಬೇಕು. ಒಂದು ಸಾಲಿನಲ್ಲಿ ಎಡ ನವಿಲಿನ ರೆಕ್ಕೆಯ ಬಳಿ ಬಿಳಿ ಆರು, ಬಲ ನವಿಲಿನ ಬಳಿ ಐದು. ಅದರ ಕೆಳಗಿನ ಸಾಲಿನಲ್ಲಿ ಎಡಕ್ಕೆ ಐದು, ಬಲಕ್ಕೆ ಆರು. ಅದರ ಕೆಳಗೆ ಮತ್ತೆ ಎಡಕ್ಕೆ ಹೆಚ್ಚು. ಅದರ ಕೆಳಗೆ ಬಲಕ್ಕೆ.

ಅನ್ನವ್ವನ ಪಿನ್ನು ನಿಂತಿತು. ಆ ಗುರುತು ಅವಳಿಗೆ ಗೊತ್ತಿದ್ದದ್ದೇ. ಒಂದು ಸಾಲಿಗೆ ಎಡದಿಂದ, ಮುಂದಿನ ಸಾಲಿಗೆ ಬಲದಿಂದ, ಕಾಲುದಾರಿ ಬೀಳದ ಹಾಗೆ. ಎಷ್ಟು ಸಾವಿರ ಸಾಲುಗಳಿಗೆ ಅವಳೇ ಹಾಗೆ ಹಂಚಿದ್ದಳು! "ಉಳಿದದ್ದು ಬಿಳಿ" ಎಂದು ಹೇಳಿ ಬರೆಸಿದ್ದನ್ನು ಅವಳು ಹೊಡೆಯದೆ ಬಿಟ್ಟಿದ್ದಳು. ಸಾಲು ಗಿಡ್ಡ ಬಂತೆಂದು ಯಂತ್ರ ತಿಳಿಯಿತು, ಆ ಕೊರತೆಯನ್ನು ನಡುವಿನ ಸಂದಿಗಳಿಗೆ ಹಂಚಿತು. ಕತ್ತಿನ ಸಾಲುಗಳಲ್ಲಿ ಸಂದಿಗಳೇ ಎರಡು ಮೂರು. ಹಂಚುವುದೆಲ್ಲ ಅಲ್ಲಿಗೇ ಬಿದ್ದು ಕತ್ತು ಹೊಟ್ಟೆ ಬಿಟ್ಟು ಸರಿದಿತ್ತು. ಹುಡುಗಿ ಒಂದು ಎಳೆಯನ್ನೂ ತಪ್ಪಿರಲಿಲ್ಲ.

ಕಾಗದ ಮಡಚಿಕೊಂಡು ನೆಟ್ಟಗೆ ಕ್ಲಾಸಿಗೆ ಹೋಗಿ, ನಡೆದದ್ದನ್ನೆಲ್ಲ ಮಾಸ್ತರರಿಗೆ ಹೇಳಿದಳು. ಮಾಸ್ತರರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಅದಕ್ಕ ಇದು ನವಿಲು ಅಂತ ಹ್ಯಾಂಗ ತಿಳೀಬೇಕು ಅನ್ನವ್ವಾ? ಅದರ ಪಾಲಿಗೆ ಇವೆಲ್ಲಾ ಪದಗೋಳು. ಪದ ಮುಟ್ಟೂದಿಲ್ಲ ಅದು. ನಡುವಿನ ಬಿಳಿ ಅಂದ್ರ ಅದಕ್ಕ ರಬ್ಬರ ಇದ್ದಂಗ, ಜಗ್ಗಿದ್ರ ಜಗ್ಗತೈತಿ."

"ಮೊದಲಿನಂಗ ಮಾಡಾಕ ಬರೂದಿಲ್ಲೇನ್ರಿ?"

"ಯಾಕ ಬರೂದಿಲ್ಲ? ನೀ ಹಾಕಿದ ಜಾಗ ಯಾವುದು, ತಾ ಹಾಕಿದ್ದು ಯಾವುದು ಅಂತ ಬ್ಯಾರೆ ಬ್ಯಾರೆ ನೆನಪಿಟ್ಟಿರತೈತಿ ಅದು. ತಾ ಹಾಕಿದ್ದನ್ನ ತಗಿ ಅಂದ್ರ ತಗೀತೈತಿ. ಎಲ್ಲೈತಿ, ತಗಿ ನೋಡೂಣು."

"ಅಳಿಸೀನ್ರಿ. ಆಕಿ ಮುಂದ ಅಳಿಸೀನಿ."

ಮಾಸ್ತರರು ಹಾಳೆಯನ್ನು ಮಡಚಿ ಅವಳ ಕೈಗೆ ತಿರುಗಿ ಕೊಟ್ಟರು. ಆಮೇಲೆ ದನಿ ತಗ್ಗಿಸಿ, "ಹಂಗಾರ ಹೇಳೂದೇನೈತಿ? ಹುಡುಗಿ ತಪ್ಪ್ಯಾಳ ಅಂತ ಮುದಕಿನ ಅಂತಾಳಲ್ಲ, ಇರಲಿ ಬಿಡು. ಒಮ್ಮೆ ಅನ್ನವ್ವ ತಪ್ಪಿದ್ಲು ಅಂತ ಊರಾಗ ಬಿತ್ತಂದ್ರ ನಾಳೆ ಪ್ರತಿಯೊಬ್ಬನೂ ತನ್ನ ಅರ್ಜಿ ಹೊಳ್ಳಿಸಿ ಓದ್ತಾನ. ಕ್ಲಾಸಿನ ಹೆಸರ ನೋಡು" ಎಂದರು. ಕೆಟ್ಟವರಲ್ಲ ಅವರು. ಅವರಿಗೆ ಆ ಹುಡುಗಿಯ ಮುಖ ಗೊತ್ತಿರಲಿಲ್ಲ, ಅಷ್ಟೇ.

ಅನ್ನವ್ವ ಟೈಪ್ ಮಷಿನ್ನಿನ ಮುಂದೆ ಕೂತಳು. ಸೊಸೈಟಿಯ ವರದಿ ಅರ್ಧವಾಗಿತ್ತು. ಎರಡು ಸಾಲು ಹೊಡೆದಳು. ಸುಮ್ಮನಿದ್ದರೆ ಯಾರಿಗೂ ಎಂದೂ ತಿಳಿಯುವುದಿಲ್ಲ. ಪೆನ್ಸಿಲ್ ಹಾಳೆ ಸುಟ್ಟಿದೆ, ಯಂತ್ರದಲ್ಲಿ ಇಲ್ಲ, ಮುದುಕಿಗೆ ಕಣ್ಣಿಲ್ಲ. ಇಷ್ಟು ಭದ್ರವಾದ ತಪ್ಪು ಯಾರಿಗೆ ಸಿಕ್ಕೀತು? ಆದರೆ ಈ ಭದ್ರತೆಯ ಒಳಗೆ ಒಬ್ಬಳು ಬಟ್ಟೆ ಗಂಟು ಕಟ್ಟುತ್ತಿದ್ದಾಳೆ. ಗೋಡೆಯ ಗಡಿಯಾರದಲ್ಲಿ ಎರಡು ಹೊಡೆಯಿತು. ವರದಿಯನ್ನು ಅಲ್ಲಿಗೇ ಬಿಟ್ಟು ಎದ್ದಳು.

ಶಮಶಾದ ಗಂಟು ಹಿಡಿದು ಹೊಸ್ತಿಲ ಹತ್ತಿರ ಬಂದಿದ್ದಳು. ಜೈತುನಬಿ ಮಗ್ಗದ ಕಡೆ ಬೆನ್ನು ಮಾಡಿ ಕೂತಿದ್ದಳು.

"ಚಾಚಿ, ಹುಡುಗಿ ತಪ್ಪಿಲ್ರಿ. ನಾ ತಪ್ಪೀನಿ," ಎಂದಳು ಅನ್ನವ್ವ ನಿಂತ ನಿಲುವಿನಲ್ಲೇ. ಕೂತರೆ ಹೇಳಲಾಗುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಸಾಲು ಗಿಡ್ಡ ಬಂದದ್ದು, ತಾನು ಅಂಚು ನೆಟ್ಟಗೆ ಮಾಡಲು ಹೋದದ್ದು, ಯಂತ್ರ ಬಿಳಿಯನ್ನು ಹಿಗ್ಗಿಸಿದ್ದು, ಎಕ್ಸ್ ಓ ಎಲ್ಲ ತಾಳೆ ನೋಡಿದ್ದು, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು.

ಜೈತುನಬಿ ಕೇಳಿ ಮುಗಿಸಿ, "ಎಕ್ಸು ಗಿಕ್ಸು ಎಲ್ಲಾ ತಾಳಿ ನೋಡಿದ್ನಿ ಅಂದ್ಯಲ್ಲ?" ಎಂದಳು.

"ಅವು ಸರಿ ಅದಾವ್ರಿ. ಬಿಳಿ ಎಣಿಸಲಿಲ್ಲ."

"ಯಾಕ ಎಣಿಸಲಿಲ್ಲ?"

"ಜಾಗ ಅಂದುಕೊಂಡ್ನಿ."

"ಜಾಗ!" ಮುದುಕಿ ಮಗ್ಗದ ಕಡೆ ತಿರುಗಿ ಹಾಸಿನ ಮೇಲೆ ಅಂಗೈ ಇಟ್ಟಳು. "ಬಿಳೀನೂ ಎಳೀನ ಬೇ. ಅದನ್ನೂ ನೂಲಬೇಕು, ಅದನ್ನೂ ತೂರಿಸಬೇಕು, ಅದನ್ನೂ ಬಡೀಬೇಕು. ಕೆಂಪ ಹಾಕಿದ್ರ ನವಿಲ ಆಗತೈತಿ ಅಂತ ತಿಳಕೊಂಡ್ಯಾ? ಬಿಳಿ ಅಂದ್ರ ನವಿಲು ನಿಂದ್ರೂ ನೆಲ. ನೆಲ ಜಗ್ಗಿದ್ರ ಅದು ಎಲ್ಲಿ ಕಾಲಿಡಬೇಕು?" ಆಮೇಲೆ ಸಣ್ಣ ದನಿಯಲ್ಲಿ, "ಈ ಹುಡುಗೀಗೆ ನನ್ನ ಬಾಯಿಲೆ ಏನೇನ ಅನಿಸಿದಿ ನೀನು" ಎಂದಳು.

ಅನ್ನವ್ವ ತಲೆ ತಗ್ಗಿಸಿದಳು. "ಇನ್ನೊಮ್ಮೆ ಹೇಳ್ರಿ ಚಾಚಿ. ಪೆನ್ಸಿಲ್ಲಿಲೆ ಬರಕೊಂತೀನಿ. ಯಂತ್ರದ ಹತ್ರ ಒಯ್ಯೂದ ಇಲ್ಲ."

ಜೈತುನಬಿ ಬಾಯಿ ತೆರೆದಳು. ಒಂದು ಸಾಲು ಹೇಳಿದಳು. ಎರಡನೆಯದರಲ್ಲಿ ತಡವರಿಸಿದಳು. ಮೂರನೆಯದು ಬರಲಿಲ್ಲ. ಬೆರಳು ಗಾಳಿಯಲ್ಲಿ ಎಳೆ ಹುಡುಕಿತು. ಕಣ್ಣ ಮುಂದೆ ನವಿಲು ಇರಲಿಲ್ಲ, ಕೈಗೆ ಎಷ್ಟೋ ತಿಂಗಳಿಂದ ನೇಯ್ಗೆ ಇರಲಿಲ್ಲ. "ಕಾಗದಕ್ಕ ಕೊಟ್ಟಾತು ಅಂತ ಬಿಟ್ಟಬಿಟ್ಟಿದ್ದೆ," ಎಂದಳು. "ಹೋತು. ನಮ್ಮತ್ತಿಗೆ ಏನ ಹೇಳಲಿ ನಾ?"

ಏನೂ ತೋಚದೆ ಅನ್ನವ್ವ ತನ್ನ ತಪ್ಪಿನ ಹಾಳೆಯನ್ನೇ ನೋಡುತ್ತ ನಿಂತಿದ್ದಳು. ತನಗೆ ತಾನೇ ಎಂಬಂತೆ ಬಾಯಿಬಿಟ್ಟು ಎಣಿಸಿದಳು: "ಬಿಳಿ ಏಳ, ಕೆಂಪ ಮೂರ, ಬಿಳಿ ಆರ..."

"ನಾಕ!" ಎಂದಳು ಜೈತುನಬಿ.

ಅನ್ನವ್ವ ತಲೆಯೆತ್ತಿದಳು.

"ಕೆಂಪ ಮೂರಾದ ಮ್ಯಾಲ ನಾಕ. ಆರ ಅಂದಾಕಿ ಯಾವಾಕಿ? ಅಲ್ಲೇ ಕತ್ತ ಏಳತೈತಿ, ಆರ ಎಲ್ಲಿಂದ ಬರ್ತಾವು?"

"ಬಿಳಿ ನಾಕ. ಕರಿ ಒಂದ. ಬಿಳಿ ಏಳ..."

"ಐದ."

ಕೇಳಿದರೆ ಬರುತ್ತಿರಲಿಲ್ಲ, ತಪ್ಪು ಹೇಳಿದರೆ ತಡೆಯಲಾಗುತ್ತಿರಲಿಲ್ಲ. ನೆನಪು ಹಾಗೆಯೇ, ಕರೆದರೆ ಅಡಗುತ್ತದೆ, ಕೆಣಕಿದರೆ ಹೊರಗೆ ಬರುತ್ತದೆ. ಅನ್ನವ್ವ ನಾಲ್ಕು ಸಾಲು ಓದಿದಳು. ಯಂತ್ರ ತುರುಕಿದ ಒಂದೊಂದು ಎಳೆಯನ್ನೂ ಮುದುಕಿ ಅನ್ನದೊಳಗಿನ ಕಲ್ಲಿನ ಹಾಗೆ ಎತ್ತಿ ಆಚೆ ಹಾಕಿದಳು. ಐದನೇ ಸಾಲಿಗೆ ಅನ್ನವ್ವ ಉಸಿರೆಳೆದುಕೊಂಡಾಗ, "ಸಾಕು. ನೀ ಓದಬ್ಯಾಡ" ಎಂದು ಕೈ ಎತ್ತಿ ತಡೆದಳು. "ಶಮಶಾದ, ಅದೀಯೋ ಹೋದ್ಯೋ?"

"ಇಲ್ಲೇ ಅದೀನಿ."

"ಗಂಟು?"

"ಕೈಯಾಗ ಐತಿ."

"ಕೆಳಗಿಡು. ಕಾಗದ ಇಸಕೊಂಡು ನೀ ಓದು."

"ನನಗ ಓದಾಕ ಬರೂದಿಲ್ರಿ."

"ಎಣಸಾಕ ಬರತೈತಲ್ಲ! ತಪ್ಪ ಎಣಿಸಿ ಹೇಳು, ನಾ ಬಯ್ತೀನಿ. ನಮ್ಮಿಬ್ಬರಿಗೂ ಅದ ರೂಢಿ ಐತಿ."

ಶಮಶಾದ ಗಂಟು ಇಡಲಿಲ್ಲ. "ಕತ್ತ ಮುರದಾಕಿ ಅಂದ್ರಿ ನನಗ. ಇನ್ನೊಮ್ಮೆ ಅನ್ನೂದಿಲ್ಲ ಅಂತ ಹೇಳ್ರಿ."

"ಅಂತೀನಿ. ಮುರದ್ರ ಅಂತೀನಿ," ಎಂದಳು ಜೈತುನಬಿ. ಸೊಂಟಕ್ಕೆ ಕೈ ಹಾಕುತ್ತ, "ಆದ್ರ ಈ ಸರ್ತಿ ಮುರದಾಕಿ ನೀ ಅಲ್ಲ. ಅದನ್ನೂ ನಾನ ಅಂತೀನಿ" ಎಂದಳು. ಸೊಂಟದಿಂದ ಟ್ರಂಕಿನ ಕೀಲಿ ಬಿಚ್ಚಿ, ದನಿ ಬಂದ ದಿಕ್ಕಿಗೆ ಚಾಚಿದಳು. "ಉಳಿದ ಹಾಳಿನೂ ತಗಿ. ಒಂದೊಂದ ಕೊಟ್ಟು ಕುಂದ್ರೂ ವ್ಯಾಳೆ ಇಲ್ಲ ನನಗ."

ಗಂಟು ನೆಲಕ್ಕೆ ಕೂತ ಸಪ್ಪಳವಾಯಿತು. ಶಮಶಾದ ಅನ್ನವ್ವನ ಕೈಯಿಂದ ಹಾಳೆ ತೆಗೆದುಕೊಂಡಳು, ಬಿರುಸಾಗಿ ಅಲ್ಲ, ಮೆತ್ತಗೂ ಅಲ್ಲ. ಮಗ್ಗದ ಮುಂದೆ ಕೂತು, ತಪ್ಪಾಗಿದ್ದ ಸಾಲುಗಳನ್ನು ಬಿಚ್ಚಲು ಹತ್ತಿದಳು.

"ಅನ್ನವ್ವಾ," ಎಂದಳು ಜೈತುನಬಿ.

"ಯಾಕ್ರಿ ಚಾಚಿ?"

"ನೀ ಹೊರಗ ನಡಿ ಯವ್ವಾ. ಸಿಟ್ಟಿಗೆ ಅನ್ನಾಕತ್ತಿಲ್ಲ. ಅವತ್ತ ನೀ ಮಷಿನ್ನು ಅಂದಿದ್ದೆ, ಅದಕ್ಕ ಕೂಡಿಸ್ಕೊಂಡಿದ್ದೆ. ಇವತ್ತ ನೀ ಮಷಿನ್ನಲ್ಲ ಅಂತ ಗೊತ್ತಾತು. ಇದು ಮನಿಯಾಕಿಗೆ ಹೇಳೂ ಮಾತು."

ಅನ್ನವ್ವ ಹೊರಗೆ ಬಂದು ಬಾಗಿಲು ಮುಂದೆ ಮಾಡಿದಳು. ಮಾಸ್ತರರು ಏನೆನ್ನುತ್ತಾರೋ, ನಾಳೆ ಊರು ಏನೆನ್ನುತ್ತದೋ, ಅವಳಿಗೆ ತಿಳಿಯದು. ಕಟ್ಟೆಯ ಮೇಲೆ ಕೂತಳು. ಒಳಗಿನಿಂದ ಹುಡುಗಿಯ ದನಿ ಬಂತು, "ಬಿಳಿ ಎಂಟ." ಕೂಡಲೇ ಮುದುಕಿಯದು, "ಎಂಟ ನಿಮ್ಮಪ್ಪನ ಮನ್ಯಾಗ! ಆರ." ಹುಡುಗಿ ನಕ್ಕಳೋ ಬಿಕ್ಕಿದಳೋ ಗೊತ್ತಾಗಲಿಲ್ಲ. ಆಮೇಲೆ ನೇಯ್ಗೆ ಬಡಿಯುವ ಪಂಜಾ ಧಪ್ ಧಪ್ ಎಂದಿತು. ಮತ್ತೆ ಎಣಿಕೆ. ಕೆಂಪು ಎರಡು, ಬಿಳಿ ನಾಲ್ಕು.

ಮೂರು ಸಾಲು ಕೇಳಿದ ಮೇಲೆ ಅನ್ನವ್ವನಿಗೆ ಎಚ್ಚರವಾಯಿತು. ಕಿವಿಗೆ ಬಾಗಿಲಿಲ್ಲ. ಇಲ್ಲೇ ಕೂತರೆ ನವಿಲು ಒಳಗೊಂದು, ಹೊರಗೊಂದು, ಎರಡು ಕಡೆ ಇದ್ದ ಹಾಗಾಗುತ್ತದೆ. ಅವಳು ಎದ್ದು ಸೆರಗು ಕೊಡವಿಕೊಂಡು ಓಣಿಗುಂಟ ನಡೆದಳು. ತನ್ನ ಮನೆ ದಾಟಿದಳು. ಗಿರಣಿಯ ತಿರುವಿನಲ್ಲಿ ನಿಂತು ಒಮ್ಮೆ ಕಿವಿಗೊಟ್ಟಳು. ಪಂಜಾದ ಸಪ್ಪಳ ಇನ್ನೂ ಕೇಳುತ್ತಿತ್ತು. ಎಣಿಕೆ ಕೇಳುತ್ತಿರಲಿಲ್ಲ.

ಇಷ್ಟು ದೂರ ಸಾಕು ಅನಿಸಿತು.